ಬೂದಿಕಲ್ಲಿಗೆ ಉಯ್ದ ಹರಳೆಣ್ಣೆ

ಇಂಜಿನಿಯರಿಂಗ್ ಕೊನೆಯ ವರ್ಷದ ಹೊತ್ತಿಗೆ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಪ್ರೊಫೆಸರರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರ ದನಿ ಅಣಕಿಸುವುದು. ನನ್ನ ದನಿಯನ್ನೂ ಬಿಡುತ್ತಿರಲಿಲ್ಲ, ಅದಕ್ಕೆ ಮೂಗಿನಲ್ಲಿ ಮಾತಾಡಿದರೆ ಸಾಕಿತ್ತು. ಪ್ರಾಜೆಕ್ಟಿನ ಬುದ್ಧಿಯೆಲ್ಲ ನನ್ನ ಜೊತೆಗಾರನದು. ಕಲ್ಲಿದ್ದಲು ಸುಟ್ಟ ಹಾರುಬೂದಿಗೆ ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿ ಸಿಮೆಂಟಿಲ್ಲದೆ ಕಲ್ಲು ಮಾಡುವುದು. ಜಿಯೋಪಾಲಿಮರ್ ಎಂದು ದೊಡ್ಡ ಹೆಸರು.

ಅವನ ಅಪ್ಪ ಊರಂಚಿನ ಬೋಗಾದಿಯ ಗಾರೆ ಕೆಲಸದವರು. ಅಗ್ರಹಾರದ ಹಳೆಯ ಮನೆಗಳ ತಾರಸಿಗೆ ಸುಣ್ಣ ಅರೆದವರು. ಮನೆ ಸುತ್ತ ಸಿಮೆಂಟಿನ ಬಡಾವಣೆಗಳು ಏಳುತ್ತಿದ್ದರೂ ಅವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ನಮ್ಮ ಕಲ್ಲು ನೀರು ಕುಡಿಯುತ್ತಿದೆ ಎಂದು ಮಗ ಗೊಣಗಿದಾಗ ಅವರ ಮುಖ ಅರಳಿತು.

"ಕಲಸೋವಾಗ ಒಸಿ ಹರಳೆಣ್ಣೆ ಉಯ್ಯಿ ಕಣೋ. ಗಾರೆಗೆ ನಾವು ಅಂಗೇ ಮಾಡ್ತಿದ್ದುದು. ನಲವತ್ತು ವರ್ಷ ಒಂದು ತೊಟ್ಟು ಸೋರಿಲ್ಲ." ಆಮೇಲೆ ಸಂಕೋಚದಿಂದ, "ನಿಮ್ ಪುಸ್ತಕದಲ್ಲಿ ಬರೀತೀರಾ, ಇದು ನಾನೇಳಿದ್ದು ಅಂತ?"

"ಬರೀದೇ ಇರ್ತೀವಾ, ಬುಡಿ," ಎಂದೆ.

ಕಾಲೇಜಿನ ಲ್ಯಾಬಿನಲ್ಲಿ ಬೆರೆಸಿದೆವು. ಕಲ್ಲು ಗಟ್ಟಿಯಾದ ಮೇಲೆ ಬಕೆಟ್ಟಿನ ನೀರಿಗೆ ಹಾಕಿದೆವು. ಮರುದಿನ ನೋಡಿದರೆ ನೀರಿನ ಮೇಲೆ ಬೆಳ್ಳಗೆ ನೊರೆ. ಕಲ್ಲಿನ ಮೈ ಜಾರುತ್ತಿತ್ತು, ಉಜ್ಜಿದರೆ ಪುಡಿ ಉದುರುತ್ತಿತ್ತು. ಕಾಸ್ಟಿಕ್ ಸೋಡಾ ಹರಳೆಣ್ಣೆಯನ್ನು ಸೋಪು ಮಾಡಿಬಿಟ್ಟಿತ್ತು.

ನಾನು ಸುಮ್ಮನಿರಬೇಕಿತ್ತು. ಅವರದೇ ದನಿ ತೆಗೆದೆ: "ನಲವತ್ತು ವರ್ಷ ಕಣ್ರೋ! ಬಟ್ಟೆ ತನ್ನಿ, ಒಗೆದ್ಬುಡಾನ!"

ಲ್ಯಾಬೆಲ್ಲ ನಕ್ಕಿತು. ಜೊತೆಗಾರ ನಗಲಿಲ್ಲ. ಬಾಗಿಲಲ್ಲಿ ಅವನಪ್ಪ ನಿಂತಿದ್ದರು, ಕಲ್ಲು ನೋಡಲೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು.

ಒಳಗೆ ಬಂದರು. ಕಲ್ಲು ಮುಟ್ಟಿ ಬೆರಳು ಮೂಸಿದರು. "ನಾನೇ ಏಳಿದ್ದು. ನಿಮ್ ತಪ್ಪೇನಿಲ್ಲ ಬುಡಪ್ಪ," ಎಂದು ಹೊರಟುಹೋದರು.

ವೈವಾಕ್ಕೆ ಓದುವಾಗ ತಿಳಿಯಿತು: ಸುಣ್ಣದೊಳಗೂ ಎಣ್ಣೆ ಸೋಪೇ ಆಗುತ್ತದೆ. ಆದರೆ ಸುಣ್ಣದ ಸೋಪು ನೀರಲ್ಲಿ ಕರಗುವುದಿಲ್ಲ, ನೀರನ್ನೇ ತಡೆದು ನಿಲ್ಲಿಸುತ್ತದೆ. ಕರಗುವುದು ನಮ್ಮ ಸೋಡಾದ್ದು. ಅವರ ಮಾತು ಅವರ ಗಾರೆಗೆ ಸರಿಯೇ ಇತ್ತು. ಯೋಚಿಸದೆ ಬೇರೆ ಕಲ್ಲಿಗೆ ಉಯ್ದವರು ನಾವು, ಓದಿದವರು.

ಸೈಕಲ್ ಹತ್ತಿ ಬೋಗಾದಿಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ನನ್ನ ದನಿಯಲ್ಲೇ. ತಾಳ್ಮೆಯಿಂದ ಕೇಳಿಸಿಕೊಂಡರು.

"ಪುಸ್ತಕದಲ್ಲಿ ಬರೀತೀವಿ, ನೀವು ಹೇಳಿದ್ದು ಅಂತ," ಎಂದೆ.

"ಬ್ಯಾಡ ಕಣಪ್ಪ," ಎಂದರು. "ಓದಿ ನಗ್ತಾರೆ. ಕಾಫಿ ಕುಡ್ಕೊಂಡೋಗು."

ಪ್ರಾಜೆಕ್ಟ್ ವರದಿಯಿಂದ ಎಣ್ಣೆಯ ಅಧ್ಯಾಯವನ್ನೇ ಕೈಬಿಟ್ಟೆವು. ಒಳ್ಳೆಯ ಅಂಕ ಬಂತು.