ಮಾಲ್ಟಾದ ಕಥೆಗೆ ಹೂಂ ಅಂದವರು

ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ. ನನ್ನ ಮನೆಯಲ್ಲಿ, ನನ್ನ ಕಿವಿಗೆ ಬಿದ್ದದ್ದು. ನಿದ್ದೆಗೆಟ್ಟು ಇವನ ತಲೆ ಕೆಟ್ಟಿರಬೇಕು ಎಂದು ನಿಮಗೆ ಅನ್ನಿಸಬಹುದು. ಆ ಮಾತನ್ನು ನನಗೆ ನಾನೇ ಸಾಕಷ್ಟು ಸಲ ಹೇಳಿಕೊಂಡು ನೋಡಿದ್ದೇನೆ, ಸಮಾಧಾನವಾಗಿಲ್ಲ.

ನಾನು ಗದಗಿನ ಕಡೆಯವನು. ಸಿಂಗಾಪುರದ ಪಶ್ಚಿಮದ ತುದಿ, ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಪಂಪು ಮೋಟರುಗಳ ಸದ್ದು ಕೇಳಿಯೇ ಒಳಗೆ ಏನೋ ಸರಿಯಿಲ್ಲ ಎಂದು ಹೇಳುವುದು ನನ್ನ ಕೆಲಸ. ‘ಸಂಶಯ ಪಡೋದಕ್ಕೇ ನಿಮಗೆ ಸಂಬಳ’ ಎಂದು ಹೆಂಡತಿ ವಿನುತಾ ಆಡಿಕೊಳ್ಳುತ್ತಾಳೆ. ಮನೆ ಇರುವುದು ಪೂರ್ವದ ತುದಿ, ಪಾಸಿರ್ ರಿಸ್‌ನಲ್ಲಿ. ಎಂಆರ್‌ಟಿ ಮೆಟ್ರೋದ ಹಸಿರು ಲೈನನ್ನು ಈ ತುದಿಯಲ್ಲಿ ಹತ್ತಿದರೆ ಆ ತುದಿಯಲ್ಲಿ ಇಳಿಯಬೇಕು. ಸೆಕೆಂಡ್ ಶಿಫ್ಟ್ ಇದ್ದರೆ ಮನೆ ಸೇರುವಾಗ ಇಡೀ ಬ್ಲಾಕ್ ಮಲಗಿರುತ್ತದೆ.

ವಿನುತಾ ಮೈಸೂರಿನವಳು. ಒಳ್ಳೆಯ ದನಿ. ಮದುವೆಗೆ ಮುಂಚೆ ನಾಟಕ, ಕಥೆ ಓದುವುದು ಎಂದೆಲ್ಲ ಓಡಾಡುತ್ತಿದ್ದವಳು ಇಲ್ಲಿಗೆ ಬಂದ ಮೇಲೆ ಸುಮ್ಮನಾಗಿಬಿಟ್ಟಿದ್ದಳು. ‘ನನ್ನ ಮಾತು ಕೇಳೋರೇ ಇಲ್ಲ ಈ ಊರಲ್ಲಿ’ ಎಂದು ಆಗಾಗ ಅನ್ನುವಳು. ನಾನು ಹೊರಡುವ ಗಡಿಬಿಡಿಯಲ್ಲಿ ಅದನ್ನೂ ಸರಿಯಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಗೆಳೆಯ ಪ್ರಸನ್ನ ಒಂದು ಕೆಲಸ ತಂದ. ಇದೇ ಊರಿನ ಹೌಗಾಂಗ್‌ನಲ್ಲಿರುವ ಪ್ರಸನ್ನ ಕನ್ನಡದ ಹಿರಿಯರನ್ನು ಗುಂಪು ಕಟ್ಟಿ ಪ್ರವಾಸಕ್ಕೆ ಕರೆದುಕೊಂಡು ಹೋಗುವವನು. ಈ ಸಲ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪ. ಬಸ್ಸಿನಲ್ಲಿ ಕೂತವರು ಇಯರ್‌ಫೋನ್ ಹಾಕಿಕೊಂಡು ಕೇಳಲು ಕನ್ನಡದಲ್ಲೇ ಆಡಿಯೋ ಗೈಡ್ ಬೇಕಂತೆ. ತಾನು ಹಿಂದೊಮ್ಮೆ ಹೋಗಿ ಬಂದದ್ದನ್ನು ನೆನಪಿಸಿಕೊಂಡು ಅವನೇ ಬರೆದುಕೊಟ್ಟ. ಓದುವುದು ವಿನುತಾ. ತಪ್ಪು, ಕೆಮ್ಮು, ಫ್ಯಾನಿನ ಸದ್ದು ಕತ್ತರಿಸಿ ಚೊಕ್ಕ ಮಾಡುವುದು ನಾನು.

ರೆಕಾರ್ಡಿಂಗಿಗೆ ಜಾಗ ಹುಡುಕುವ ಕಷ್ಟವೇ ಬರಲಿಲ್ಲ. ಇಲ್ಲಿನ ಫ್ಲ್ಯಾಟುಗಳಲ್ಲಿ ಬಾಂಬ್ ಶೆಲ್ಟರ್ ಎಂದು ಒಂದು ಸಣ್ಣ ಕೋಣೆ ಇರುತ್ತದೆ. ಕಿಟಕಿಯಿಲ್ಲ, ದಪ್ಪ ಕಾಂಕ್ರೀಟ್ ಗೋಡೆ, ಭಾರದ ಉಕ್ಕಿನ ಬಾಗಿಲು, ಗಾಳಿಗೆ ಗೋಡೆಯಲ್ಲಿ ಒಂದು ಕಿಂಡಿ. ಯುದ್ಧ ಬಂದರೆ ಅಡಗಲು ಕಟ್ಟಿದ್ದು. ನಾವು ಅದರಲ್ಲಿ ಸೂಟ್‌ಕೇಸು, ಅಕ್ಕಿ ಮೂಟೆ, ಜೋಳದ ಹಿಟ್ಟಿನ ಡಬ್ಬಿ ಇಟ್ಟಿದ್ದೆವು. ಗೋಡೆಗೆ ರಜಾಯಿ ನೇತುಹಾಕಿ, ಸ್ಟೂಲಿನ ಮೇಲೆ ಮೈಕ್ ಇಟ್ಟರೆ ಸ್ಟುಡಿಯೋ ತಯಾರು.

ಒಂದೇ ತೊಂದರೆ. ವಿನುತಾಳಿಗೆ ಕೇಳುವವರಿಲ್ಲದೆ ಓದಲು ಬರುವುದಿಲ್ಲ. ಅವಳ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂ ಅನ್ನಲೇಬೇಕಿತ್ತಂತೆ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ಅಭ್ಯಾಸ ಇವಳಿಗೂ ಅಂಟಿಕೊಂಡಿದೆ. ಒಂದು ಪ್ಯಾರಾ ಓದಿ ತಲೆ ಬಗ್ಗಿಸಿಕೊಂಡೇ ಕಾಯುತ್ತಾಳೆ. ಎದುರಿನವರು ಹೂಂ ಅಂದರೆ ಮಾತ್ರ ಮುಂದಿನದು. ಮೊದಲ ವಾರ ನಾನೇ ಅಕ್ಕಿ ಮೂಟೆಯ ಮೇಲೆ ಕೂತು ಹೂಂ, ಹೂಂ ಅಂದೆ. ಆಮೇಲೆ ಎಡಿಟ್ ಮಾಡುವಾಗ ನನ್ನ ಹೂಂಗಳನ್ನೆಲ್ಲ ನಾನೇ ಕತ್ತರಿಸಿದೆ.

ಮುಂದಿನ ವಾರ ನನಗೆ ಸೆಕೆಂಡ್ ಶಿಫ್ಟ್ ಬಿತ್ತು. ‘ಪರವಾಗಿಲ್ಲ, ನಾನು ಹೇಗೋ ಮ್ಯಾನೇಜ್ ಮಾಡ್ಕೋತೀನಿ’ ಅಂದಳು ವಿನುತಾ. ಹೇಗೆ ಎಂದು ನಾನು ಕೇಳಲಿಲ್ಲ.

ಆ ವಾರದ ರೆಕಾರ್ಡಿಂಗುಗಳನ್ನು ರಜೆಯ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಡಿಂಗ್ಲಿ ಎಂಬಲ್ಲಿಯ ಕಡಿದಾದ ಬಂಡೆಗಳು, ಅಂಚಿನಲ್ಲಿ ನಿಂತರೆ ಕಾಲ ಕೆಳಗೆ ಬರೀ ಸಮುದ್ರ ಎಂದು ಓದಿದಳು. ಸ್ವಲ್ಪ ಹೊತ್ತು ಮೌನ... ಆಮೇಲೆ, ಹೂಂ.

ಕೈ ತನ್ನಷ್ಟಕ್ಕೆ ಅದನ್ನು ಕತ್ತರಿಸಿತು. ಇನ್ನೂ ಒಂದೆರಡನ್ನು ಹಾಗೇ ಕತ್ತರಿಸಿದ ಮೇಲೆ ನೆನಪಾಯಿತು... ಆ ರಾತ್ರಿ ನಾನು ಟುವಾಸ್‌ನಲ್ಲಿದ್ದೆ.

ವಾಪಸ್ ಹೋಗಿ ಮತ್ತೆ ಕೇಳಿದೆ. ಗಂಡಸಿನ ದನಿ. ದಪ್ಪಗೆ, ಒಣಗಿದ ಗಂಟಲಿನದು. ಫೋನಿನ ಸ್ಪೀಕರಿನಿಂದ ಬರುವ ದನಿಗೂ ಕೋಣೆಯೊಳಗೇ ಕೂತವರ ದನಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಇದು ಕೋಣೆಯೊಳಗಿನದು. ವಿನುತಾಳ ಎದುರಿಗೇ, ನಾನು ಕೂರುವ ಜಾಗದಿಂದ ಬಂದದ್ದು.

ಮೊದಲು ದೆವ್ವದ ಯೋಚನೆ ಬಂತು ಅಂದುಕೊಂಡಿರಾ? ಇಲ್ಲ. ಪ್ರಸನ್ನನ ಯೋಚನೆ ಬಂತು. ನಾನಿಲ್ಲದ ಹೊತ್ತಿನಲ್ಲಿ ನನ್ನ ಮನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ, ನನ್ನ ಹೆಂಡತಿಯ ಎದುರು ಕೂತು ಮಾಲ್ಟಾದ ಕಥೆ ಕೇಳುವ ಗಂಡಸು ಮತ್ಯಾರು? ಸಿಂಕಿನಲ್ಲಿ ಕಾಫಿ ಲೋಟ ಎಷ್ಟಿವೆ ಎಂದು ನೋಡಿದೆ. ಚಪ್ಪಲಿ ಸ್ಟ್ಯಾಂಡ್ ನೋಡಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದೇ ಇನ್ನಷ್ಟು ಸಂಶಯ ತಂದಿತು.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಅವಳು ಸುಳ್ಳು ಹೇಳಿದರೆ ಎಂಬ ಹೆದರಿಕೆ. ಅದೂ ಅಲ್ಲದೆ ಅವಳು ಬಹಳ ದಿನದ ಮೇಲೆ ಖುಷಿಯಾಗಿದ್ದಳು. ಒಂದು ಬೆಳಿಗ್ಗೆ ತಿಂಡಿ ಬಡಿಸುತ್ತಾ, ‘ನೀವು ಇಷ್ಟು ತಾಳ್ಮೆಯಿಂದ ಕೇಳ್ತೀರ ಅಂತ ಗೊತ್ತಿರ್ಲಿಲ್ಲ’ ಅಂದಳು. ಎಡಿಟಿಂಗ್ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ನನ್ನನ್ನು ಪೂಸಿ ಹೊಡೆಯುತ್ತಿದ್ದಾಳೆ ಎಂದೂ ಅಂದುಕೊಂಡೆ.

ಸೆಕೆಂಡ್ ಶಿಫ್ಟ್ ಮುಂದುವರಿಯಿತು, ಹೊಸ ಫೈಲುಗಳೂ ಬರುತ್ತಲೇ ಇದ್ದವು. ದೋಣಿಯಲ್ಲಿ ಹೋಗಿ ನೋಡುವ ನೀಲಿ ನೀರಿನ ಗುಹೆ... ಹೂಂ. ಕೋಟೆಯೊಳಗಿನ ಹಳೆಯ ರಾಜಧಾನಿ ಮ್ದೀನಾ, ರಾತ್ರಿಯಾದರೆ ಅಲ್ಲಿ ಹೆಜ್ಜೆ ಸದ್ದು ಬಿಟ್ಟರೆ ಬೇರೇನೂ ಕೇಳದಂತೆ... ಹೂಂ. ಅವಸರವಿಲ್ಲದ ಹೂಂ. ತಾನು ಕಂಡದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಒಪ್ಪಿಕೊಳ್ಳುವ ಹಾಗೆ. ಅಲ್ಲಿಗೆ ಹೋಗಿ ಬಂದವನು ಪ್ರಸನ್ನನೇ ತಾನೆ ಎಂದು ಹಲ್ಲು ಕಚ್ಚಿದೆ.

ಆಮೇಲೆ ಆ ಕಮಾನಿನ ಭಾಗ ಬಂತು. ಪಕ್ಕದ ಗೋಜೊ ದ್ವೀಪದಲ್ಲಿ ಸಮುದ್ರಕ್ಕೆ ಬಾಗಿಲು ಕಟ್ಟಿದ ಹಾಗೆ ನಿಂತಿರುವ ಕಲ್ಲಿನ ಕಮಾನನ್ನು ನಾವು ಈಗ ನೋಡಲಿದ್ದೇವೆ ಎಂದು ಓದಿ ವಿನುತಾ ಕಾದಳು.

‘ಊಹೂಂ.’

ರೆಕಾರ್ಡಿಂಗಿನಲ್ಲಿ ವಿನುತಾ ಒಂದು ಕ್ಷಣ ತಡೆದು, ಆ ಪ್ಯಾರಾ ಬಿಟ್ಟು ಮುಂದಿನದಕ್ಕೆ ಹೋದಳು. ನಾನು ಆ ಜಾಗದ ಹೆಸರು ಹಾಕಿ ಹುಡುಕಿದೆ. ಆ ಕಮಾನು ಈಗ ಇಲ್ಲ. ಕೆಲವು ವರ್ಷಗಳ ಹಿಂದೆ ಬಿರುಗಾಳಿಯಲ್ಲಿ ಕುಸಿದು ಸಮುದ್ರ ಸೇರಿದೆ.

ಮರುದಿನ ಕೆಲಸದ ಮಧ್ಯೆ ಪ್ರಸನ್ನನಿಗೆ ಫೋನ್ ಮಾಡಿ ಕಮಾನಿನ ತಪ್ಪನ್ನು ತಿಳಿಸಿದೆ. ‘ಅಯ್ಯೋ, ಬಿದ್ದೋಯ್ತಾ? ನಾನು ಹೋದಾಗ ಇತ್ತಲ್ಲ ಶಿವು’ ಎಂದು ನಿಜವಾಗಿಯೂ ಗಾಬರಿಯಾದ. ನಟನೆಯಲ್ಲ, ಅವನಿಗೆ ಅಷ್ಟು ನಟನೆ ಬರುವುದಿಲ್ಲ. ಹಾಗಾದರೆ ಅವನೇ ಬರೆದದ್ದಕ್ಕೆ, ಅವನಿಗೇ ಗೊತ್ತಿಲ್ಲದ ವಿಷಯಕ್ಕೆ, ಊಹೂಂ ಅಂದದ್ದು ಯಾರು?

ಆ ರಾತ್ರಿ ಎಂದಿನಂತೆ ವಿನುತಾಳ ಕರೆ ಬಂತು. ‘ಶುರು ಮಾಡ್ತೀನಿ ರೀ’ ಅಂದಳು. ನಾನು ಹೂಂ ಅಂದೆ. ಕರೆ ಕಟ್ಟಾಯಿತು. ಸೆಕೆಂಡ್ ಶಿಫ್ಟ್ ಶುರುವಾದಾಗಿನಿಂದ ದಿನವೂ ಹೀಗೇ. ಆದರೆ ಅಂದು ನನ್ನಿಂದ ಕೂರಲಾಗಲಿಲ್ಲ. ಮೈ ಸರಿಯಿಲ್ಲ ಎಂದು ಸೂಪರ್‌ವೈಸರ್‌ಗೆ ಹೇಳಿ ಹೊರಬಿದ್ದು ಟ್ಯಾಕ್ಸಿ ಹಿಡಿದೆ. ಇವತ್ತು ಹೇಗಿದ್ದರೂ ಉದ್ದನೆಯ ಭಾಗ, ನಾನು ಹೋಗುವವರೆಗೂ ಮುಗಿಯುವುದಿಲ್ಲ ಎಂಬ ಲೆಕ್ಕ.

ಪಾಸಿರ್ ರಿಸ್‌ನಲ್ಲಿ ಇಳಿದಾಗ ಮಳೆ ನಿಂತು ಸಮುದ್ರದ ಕಡೆಯಿಂದ ಉಪ್ಪು ಗಾಳಿ ಬೀಸುತ್ತಿತ್ತು. ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್‌ನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಲಿಫ್ಟಿಗೆ ಕಾಯುತ್ತಾ ಮತ್ತೆ ಪ್ರಸನ್ನನಿಗೆ ಫೋನ್ ಹಚ್ಚಿದೆ. ನೆಪಕ್ಕೆ ಏನೋ ಮಾತು. ಅತ್ತಕಡೆ ಹಾಕರ್ ಸೆಂಟರಿನ ಊಟದಂಗಡಿಗಳ ಗದ್ದಲ, ತಟ್ಟೆಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಊಟ ಮಾಡ್ತಿದ್ದೀನಿ, ಏನು ವಿಷಯ ಅಂದ. ಅವನನ್ನು ಲೈನಿನಲ್ಲೇ ಇಟ್ಟುಕೊಂಡು ಮೆಲ್ಲಗೆ ಬೀಗ ತೆಗೆದು ಒಳಗೆ ಹೋದೆ.

ಹಾಲ್‌ನಲ್ಲಿ ಕತ್ತಲು. ಶೆಲ್ಟರಿನ ಉಕ್ಕಿನ ಬಾಗಿಲು ಮುಚ್ಚಿತ್ತು. ಗಾಳಿಕಿಂಡಿಯಿಂದ ಸಣ್ಣ ಬೆಳಕು, ವಿನುತಾಳ ದನಿ. ನಾನು ಗೋಡೆಗೆ ಒರಗಿ ನಿಂತೆ.

ಅಂದು ಅವಳು ಓದುತ್ತಿದ್ದದ್ದು ನೆಲದಡಿಯ ಸಮಾಧಿಯ ಭಾಗ. ಮನೆ ಕಟ್ಟಲು ಅಗೆಯುವಾಗ ಸಿಕ್ಕಿದ್ದಂತೆ. ಸಾವಿರಾರು ವರ್ಷಗಳ ಹಿಂದೆ ಬಂಡೆಯನ್ನು ಕೊರೆದು ಮಾಡಿದ ಕೋಣೆಗಳು, ಛಾವಣಿಯಲ್ಲಿ ಕೆಮ್ಮಣ್ಣಿನ ಸುರುಳಿ ಚಿತ್ರಗಳು, ರಾಶಿ ರಾಶಿ ಮೂಳೆ. ಒಂದು ಕೋಣೆಯ ಗೋಡೆಯಲ್ಲಿ ಸಣ್ಣ ಗೂಡಿದೆ. ಅದರಲ್ಲಿ ಬಾಯಿಟ್ಟು ಗಂಡಸು ದಪ್ಪ ದನಿಯಲ್ಲಿ ಮಾತಾಡಿದರೆ ಇಡೀ ಸಮಾಧಿಯೇ ಮೊಳಗುತ್ತದೆ. ಹೆಂಗಸಿನ ದನಿಗೆ ಹಾಗೆ...

ಅವಳ ಮಾತು ಮುಗಿಯುವ ಮೊದಲೇ ಬಂತು. ‘ಹೂಂ.’

ಕಿವಿಗಿಂತ ಮೊದಲು ಅಂಗೈಗೆ ತಿಳಿಯಿತು. ಒರಗಿದ್ದ ಗೋಡೆ ಪಂಪ್ ಹೌಸಿನ ಗೋಡೆಯ ಹಾಗೆ ಅದುರಿತು.

‘ಶಿವು? ಹಲೋ? ಇದ್ದೀಯಾ?’ ಪ್ರಸನ್ನ ನನ್ನ ಕೈಯಲ್ಲಿದ್ದ ಫೋನಿನಲ್ಲಿ ಕೂಗುತ್ತಲೇ ಇದ್ದ.

ವಿನುತಾಳ ಜೊತೆ ಆಡುವ ಮೈಸೂರು ಕನ್ನಡವೆಲ್ಲ ಬಿಟ್ಟುಹೋಗಿ ಗದಗಿನ ಮಾತು ಬಾಯಿಗೆ ಬಂತು. ‘ಯಾರದೀರಿ ಒಳಗ?’ ಎಂದವನೇ ಎರಡೂ ಕೈಯಿಂದ ಬಾಗಿಲು ಎಳೆದೆ.

ಒಳಗೆ ವಿನುತಾ ಒಬ್ಬಳೇ. ಮಡಿಲಲ್ಲಿ ಹಾಳೆಗಳು, ಪಕ್ಕದಲ್ಲಿ ಮೈಕ್, ಸೂಟ್‌ಕೇಸಿನ ಮೇಲೆ ಅವಳ ಫೋನು. ಎದುರಿನ ಅಕ್ಕಿ ಮೂಟೆಯ ಮೇಲೆ ಯಾರೂ ಇಲ್ಲ. ಆದರೆ ವಾಸನೆ... ದಿನವೂ ಅಕ್ಕಿ, ಮಸಾಲೆಪುಡಿಯ ವಾಸನೆ ಇರುವ ಕೋಣೆಯಲ್ಲಿ ತಂಪು ಸುಣ್ಣದ ಕಲ್ಲಿನ ವಾಸನೆ. ಹೊಸದಾಗಿ ತೋಡಿದ ಬಾವಿಗೆ ಬಗ್ಗಿದರೆ ಬರುತ್ತದಲ್ಲ, ಅದು.

ವಿನುತಾ ತಲೆಯೆತ್ತಿ ನೋಡಿ ನಕ್ಕಳು. ‘ಅಯ್ಯೋ, ಮನೆಗೇ ಬಂದ್ರಾ? ಈಗ ತಾನೆ ಫೋನಲ್ಲಿ ಹೂಂ ಅಂದ್ರಿ.’

‘ಫೋನಲ್ಲಾ?’

‘ಮತ್ತೆ? ದಿನಾ ಕಾಲ್ ಮಾಡಿ ಇಲ್ಲೇ ಇಟ್ಕೊಂಡು ಓದ್ತೀನಲ್ಲ. ಶಿಫ್ಟ್ ಮಧ್ಯೆನೂ ಎಷ್ಟು ಚೆನ್ನಾಗಿ ಕೇಳ್ತೀರ ನೀವು. ನಂಗೆ ಅದೇ ಆಶ್ಚರ್ಯ.’

ಅವಳ ಫೋನಿನ ಕಡೆ ನೋಡಿದೆ. ಪರದೆ ಕಪ್ಪಗಿತ್ತು. ಆ ಕೋಣೆಯೊಳಗೆ ಬಾಗಿಲು ಹಾಕಿದರೆ ಸಿಗ್ನಲ್ ಸಿಗುವುದೇ ಇಲ್ಲ, ಅದು ನನಗೆ ಮೊದಲಿನಿಂದ ಗೊತ್ತು. ದಿನಾ ಶುರು ಮಾಡ್ತೀನಿ ಎಂದ ಕೂಡಲೇ ಕರೆ ಕಟ್ಟಾಗುತ್ತಿದ್ದದ್ದು ಅವಳು ಫೋನ್ ಇಟ್ಟದ್ದರಿಂದಲ್ಲ, ಬಾಗಿಲು ಮುಚ್ಚಿದ್ದರಿಂದ. ಅವಳು ತಲೆ ಬಗ್ಗಿಸಿಕೊಂಡು ಕಾದಾಗಲೆಲ್ಲ ಹೂಂ ಬಂದಿದೆ. ಬಂದದ್ದು ಎಲ್ಲಿಂದ ಎಂದು ನೋಡುವ ಪ್ರಮೇಯವೇ ಅವಳಿಗೆ ಬಂದಿಲ್ಲ.

ನನ್ನ ಮುಖ ನೋಡಿ ಅವಳ ನಗು ಕರಗಿತು. ‘ಏನ್ ರೀ? ಇಷ್ಟು ದಿನ ಹೂಂ ಅಂದಿದ್ದು ನೀವೇ ತಾನೆ?’

ಸಿಂಗಾಪುರಕ್ಕೆ ಬಂದ ಮೇಲೆ ಅವಳು ಅಷ್ಟು ಆಸೆಯಿಂದ ನನ್ನನ್ನು ನೋಡಿದ್ದು ಅದೇ ಮೊದಲು. ಅಲ್ಲ ಎಂದರೆ ಅವಳು ಮತ್ತೆ ಬಾಯಿ ಬಿಟ್ಟು ಒಂದು ಸಾಲನ್ನೂ ಓದುವುದಿಲ್ಲ, ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲ. ಇಷ್ಟು ದಿನ ಅವಳ ಮಾತು ಕೇಳಿದವನು ಗಂಡನಲ್ಲ ಎಂದು ನಾನೇ ಹೇಳಬೇಕಾಗುತ್ತದೆ. ಅದು ನನ್ನಿಂದ ಆಗಲಿಲ್ಲ.

‘ಹೂಂ, ನಾನೇ’ ಅಂದೆ.

ಮರುವಾರ ಕಾಡಿ ಬೇಡಿ ಡೇ ಶಿಫ್ಟ್ ಹಾಕಿಸಿಕೊಂಡೆ. ಹೊರಗೆ ಹಾಲ್‌ನಲ್ಲೇ ರೆಕಾರ್ಡ್ ಮಾಡೋಣ ಅಂದರೆ, ಪಕ್ಕದ ಮನೆ ಟಿವಿ ಸದ್ದು ಬರುತ್ತೆ ಎಂದು ವಿನುತಾ ಒಪ್ಪಲಿಲ್ಲ. ನೆಲದಡಿಯ ಸಮಾಧಿಯ ಭಾಗ ಮತ್ತೊಮ್ಮೆ ಓದಬೇಕಿತ್ತು. ಮೂಟೆಯ ಮೇಲೆ ಕೂರಲು ಧೈರ್ಯ ಸಾಲದೆ ಬಾಗಿಲಿನ ಹತ್ತಿರ ನೆಲದ ಮೇಲೆ ಕೂತೆ, ಉಕ್ಕಿನ ಬಾಗಿಲಿಗೆ ಬೆನ್ನು ಕೊಟ್ಟು. ಅವಳು ಓದಿದಳು. ನಾನು ಹೂಂ ಅಂದೆ. ಓದಿದಳು, ಹೂಂ ಅಂದೆ. ಎದೆ ನಿಧಾನಕ್ಕೆ ಹಗುರಾಗತೊಡಗಿತು.

ಕೊನೆಯ ಪ್ಯಾರಾ ಮುಗಿಸಿ ಅವಳು ತಲೆ ಬಗ್ಗಿಸಿ ಕಾದಳು. ಅಷ್ಟರಲ್ಲಿ ಆ ಸುಣ್ಣದ ಕಲ್ಲಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಬಾಯಿ ತೆರೆದೆ, ಗಂಟಲಿನಿಂದ ದನಿ ಹೊರಡಲಿಲ್ಲ. ನನ್ನ ಕಿವಿಗೂ ಏನೂ ಕೇಳಲಿಲ್ಲ.

ವಿನುತಾ ಸಣ್ಣಗೆ ನಕ್ಕು, ಹಾಳೆ ಮಗುಚಿ, ಮುಕ್ತಾಯದ ಸಾಲು ಓದಿ ಮೈಕ್ ಆರಿಸಿದಳು.

ಆ ಫೈಲನ್ನು ನಾನು ಎಡಿಟ್ ಮಾಡಿಲ್ಲ. ತೆರೆದೂ ನೋಡಿಲ್ಲ. ಪ್ರಸನ್ನ ಎರಡು ಸಲ ಕೇಳಿದ್ದಾನೆ, ಏನೋ ಸಬೂಬು ಹೇಳಿದ್ದೇನೆ. ಗುಂಪು ಹೊರಡುವ ದಿನ ಹತ್ತಿರವಾಗುತ್ತಿದೆ.

ರೆಕಾರ್ಡಿಂಗ್ ಮುಗಿದ ಆ ರಾತ್ರಿ ಮಲಗುವ ಮುಂಚೆ ಅವಳು ನನ್ನ ತೋಳಿಗೆ ಒರಗಿ ಕೇಳಿದಳು. ‘ಕೊನೆಯದಕ್ಕೆ ಯಾಕೆ ಎದ್ದು ಬಂದು ಕಿವಿ ಹತ್ರ ಹೂಂ ಅಂದ್ರಿ?’

ಬಾಗಿಲು ಬಿಟ್ಟು ನಾನು ಅಲುಗಾಡಿರಲಿಲ್ಲ.

‘ಸುಮ್ನೆ’ ಅಂದೆ.