ಕಾಷನ್ನಿಗೂ ಡೇಂಜರಿಗೂ ನಡುವಿನ ಬಯಲು

೧೯೯೪ರಲ್ಲಿ ಎಂಟನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ವೆಲ್ಡಿಂಗ್. ಅಂಗಡಿ ಬಂಗಾರಪೇಟೆಯಲ್ಲಿ, ಮನೆ ಊರಿಗಾಂ ಪಕ್ಕದ ಹಳ್ಳಿಯಲ್ಲಿ. ನಾನು ಮಾಡಿದ ಗೇಟು ಜಗ್ಗಿತು ಎಂದು ಇಂದಿನವರೆಗೆ ಯಾರೂ ದೂರಿಲ್ಲ.

ಹೋದ ವರ್ಷ ಒಬ್ಬ ಕಂಟ್ರಾಕ್ಟರು ತಗಡಿನ ಬೋರ್ಡು ಮಾಡಲು ಕೊಟ್ಟರು. ಹಳದಿ ಬಣ್ಣ, ಮೇಲೆ ‘ಕಾಷನ್’. ಬಣ್ಣ ಒಣಗುವ ಮೊದಲೇ ಅವರ ಫೋನು ಬಂತು.

“ಮೇಸ್ತ್ರಿ, ಅದನ್ನ ಅಳಿಸಿ ಕೆಂಪಲ್ಲಿ ಡೇಂಜರ್ ಅಂತ ಬರೀರಿ.”

“ಎರಡೂ ಒಂದೇ ಅಲ್ವಾ ಸಾರ್?”

“ಎಲ್ಲಿ ಒಂದೇರೀ? ಕಾಷನ್ ಅಂದ್ರೆ ನೋಡ್ಕೊಂಡು ಓಡಾಡಿ ಅಂತ. ಡೇಂಜರ್ ಅಂದ್ರೆ ಕಾಲೇ ಇಡಬೇಡಿ ಅಂತ. ಊರಿಗಾಂ ಆಚೆ ಹಳೇ ಗಣಿ ಬಯಲಿದೆಯಲ್ಲ, ಬೆಳಿಗ್ಗೆ ಅಲ್ಲಿ ನೆಲ ಬಿರುಕು ಬಿಟ್ಟಿದೆ.”

ಬ್ರಷ್ಷು ಕೈಜಾರಿತು. ನನ್ನ ಹೆಂಡತಿ ದಿನಾ ಹಸು ಮೇಯಿಸುವುದು ಅದೇ ಬಯಲಿನಲ್ಲಿ. ಸೊಪ್ಪು ಕೀಳಲು ಕೈ ಬಿಡುವಾಗಿರಲಿ ಎಂದು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ನಮ್ಮ ಕಡೆ ಹೆಂಗಸರ ರೂಢಿಯೇ ಅದು. ಹಸು ನೆಲದೊಳಕ್ಕೆ ಕುಸಿದರೆ ಅವಳೂ ಹೋದಳು.

ಅವಳ ಹತ್ತಿರ ಫೋನಿಲ್ಲ. ಬೈಕು ಹತ್ತಿದೆ. ದಾರಿಯುದ್ದಕ್ಕೂ ಕರೆಂಟು ಕಂಬಗಳ ಮೇಲೆ ಡೇಂಜರ್. ಹುಟ್ಟಿದಾಗಿನಿಂದ ನೋಡಿದ ಪದ. ನಮ್ಮ ಕೋಳಿ ಗೂಡಿನ ಬಾಗಿಲೇ ಒಂದು ಹಳೇ ಡೇಂಜರ್ ತಗಡು. ಅದಕ್ಕೆ ಯಾವತ್ತೂ ಹೆದರಿದವನಲ್ಲ. ಅವತ್ತು ಕಂಬ ಕಂಡಾಗೆಲ್ಲ ಬೈಕನ್ನು ಇನ್ನಷ್ಟು ಜೋರು ಮಾಡಿದೆ.

ಬೇಲಿಯಾಚೆ ಅವಳು ಬಗ್ಗಿ ಸೊಪ್ಪು ಕೀಳುತ್ತಿದ್ದಳು. ಹಸುವಿನ ಹಿಂದೆ ನೆಲದಲ್ಲಿ ಅಂಗೈಯಗಲದ ಕಪ್ಪು ಗೆರೆ.

“ಅಗ್ಗ ಬಿಚ್ಚೇ! ಮೊದ್ಲು ಅಗ್ಗ ಬಿಚ್ಚು!”

“ಯಾಕಂಗೆ ಬಡ್ಕೊಂತೀಯ? ಅಸ ಬೆದರ್ತೈತೆ.”

“ಡೇಂಜರ್ ಕಣೇ ಅಲ್ಲಿ!”

“ನಮ್ ಕೋಳಿ ಗೂಡಿನ ಮೇಲೂ ಅದೇ ಐತೆ. ಕೋಳಿಗಳೇನು ಸತ್ತೋದ್ವಾ?”

ನಾನೂ ಒಳಗೆ ಹೋದರೆ ನನ್ನ ಭಾರಕ್ಕೇ ನೆಲ ಕುಸಿದೀತೆಂದು ಭಯ. ಬೇಲಿ ಹಿಡಿದು ಆಚೆಯೇ ನಿಂತೆ.

“ನಿನ್ ಕಾಲಿಗೆ ಬೀಳ್ತೀನಿ, ಬಿಚ್ಚು.”

ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಅದನ್ನು ಕೇಳಿಯೇ ಅವಳು ಹೆದರಿದಳು. ಗಂಟು ಬಿಚ್ಚಿ ಬೇಲಿಯ ಕಡೆ ನಡೆದು ಬಂದಳು. ಅವಳ ಹಿಂದೆ ಬರಲು ಹಸುವೂ ತಿರುಗಿತು. ಅದರ ಹಿಂಗಾಲಿನಡಿ ಮಣ್ಣು ಸದ್ದಿಲ್ಲದೆ ಇಳಿಯಿತು. ಹಗ್ಗದ ತುದಿ ಹುಲ್ಲಿನ ಮೇಲೆ ಸರಸರನೆ ಸರಿದು ಹಸುವಿನ ಹಿಂದೆಯೇ ಗುಂಡಿಗಿಳಿಯಿತು.

ಕೋಳಿ ಗೂಡಿಗೆ ಬೇರೆ ಬಾಗಿಲು ಮಾಡಿದೆ. ಈಗ ನನಗಿರುವುದು ಬಾಡಿಗೆ ಅಂಗಡಿ ಒಂದು, ವೆಲ್ಡಿಂಗ್ ಮಿಷನ್ ಒಂದು, ತಾಯಿಯಿಲ್ಲದ ಕರು ಒಂದು, ಹೆಂಡತಿ.