ಹಾಸಿನ ಪಾಲಿನ ಜೋಳ

ಸೊಸೆ ಶೃತಿಯ ಮೈಯಲ್ಲಿ ರಕ್ತವೇ ಇಲ್ಲ ಎಂದು ನರ್ಸ್ ರೋಹಿಣಿ ಹೇಳಿಹೋದ ದಿನದಿಂದ ಬೆಟಗೇರಿಯ ನಾಗರತ್ನಾಳಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಶೃತಿಗೆ ಆಗ ಐದು ತಿಂಗಳು. ಹೀಗೇ ಇದ್ದರೆ ಹೆರಿಗೆಯಲ್ಲಿ ತಾಯಿ ಉಳಿಯುವುದೇ ಕಷ್ಟ, ಗುಳಿಗೆಯ ಜೊತೆ ಸೊಪ್ಪು, ಕಾಳು, ಶೇಂಗಾ, ಬೆಲ್ಲ ಹೊಟ್ಟೆ ತುಂಬ ತಿನ್ನಿಸಿ ಎಂದು ರೋಹಿಣಿ ಬಿಚ್ಚಿಯೇ ಹೇಳಿದ್ದಳು. ಹೇಳುವುದಕ್ಕೇನು! ಅಂಗನವಾಡಿಯ ಊಟ ಒಂದು ಹೊತ್ತಿಗಾಯಿತು, ಉಳಿದ ಹೊತ್ತಿಗೆ? ಮಗ ಲೋಹಿತ ಬಟ್ಟೆ ಅಂಗಡಿಯಲ್ಲಿ ದುಡಿದದ್ದು ಮನೆ ಬಾಡಿಗೆಗೇ ಸರಿಹೋಗುತ್ತಿತ್ತು. ವಾರದ ಸಂತೆಯ ಖರ್ಚು ನಡೆಯುತ್ತಿದ್ದುದು ನಾಗರತ್ನಾಳ ಮಗ್ಗದ ದುಡಿಮೆಯ ಮೇಲೆ.

ಹಾಗಂತ ಕೈಕಟ್ಟಿ ಕೂರುವ ಹೆಂಗಸಲ್ಲ ಆಕೆ. ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಮಾರುವವರ ಜೊತೆ ಜಗಳಕ್ಕೇ ಬಿದ್ದು, ಬಾಡಿದ ಪುಂಡಿಪಲ್ಯ, ಮೂಲಂಗಿ ತಪ್ಪಲು ತರುತ್ತಿದ್ದಳು. ಮಡಕಿಕಾಳನ್ನು ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದಳು. ತನ್ನ ಚಹಾ ಬಿಟ್ಟಳು. ಆದರೂ ಶೇಂಗಾ, ಬೆಲ್ಲಕ್ಕೆ ಏನೂ ಉಳಿಯುತ್ತಿರಲಿಲ್ಲ.

ಆಗ ಅವಳ ಕಣ್ಣು ಮೂಲೆಯ ಚೀಲದ ಮೇಲೆ ಬಿತ್ತು. ಸಾವಕಾರ ಸಂಗಪ್ಪ ಸೀರೆ ನೇಯಲು ನೂಲು ಕೊಡುವಾಗ, ಗಂಜಿಗೆಂದು ಜೋಳವನ್ನೂ ಕೊಡುತ್ತಿದ್ದ. ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಓಣಿಯುದ್ದಕ್ಕೆ ಬಿಗಿದು, ಜೋಳದ ಗಂಜಿ ಕುಡಿಸಿ ಒಣಗಿಸಿದರೇನೇ ಅವು ಮಗ್ಗದ ಪೆಟ್ಟು ತಡೆಯುವುದು. ನಾಗರತ್ನಾ ಆ ಜೋಳ ಬೀಸಿಸಿ ರೊಟ್ಟಿ ಬಡಿದಳು. ಮನೆಗೆ ಜೋಳ ತರುವ ದುಡ್ಡಿನಲ್ಲಿ ಶೇಂಗಾ, ಬೆಲ್ಲ ಬಂದವು. ಹಾಸಿನ ಎಳೆಗಳಿಗೆ ಸಿಕ್ಕಿದ್ದು ರೇಷನ್ ಅಕ್ಕಿಯ ಅನ್ನ ಬಸಿದ ನೀರು. ಜೀವವಿಲ್ಲದ ನೂಲಿನ ಬಾಯಿಂದ ಕಸಿದು ಬಸುರಿಗೆ ಹಾಕಿದರೆ ಏನು ಪಾಪ, ದೇವರೇ ಬಂದು ಕೇಳಲಿ, ಇದನ್ನೇ ಹೇಳುತ್ತೇನೆ ಎಂದುಕೊಂಡಳು.

ಮೋಡ ಮುಸುಕಿದ ದಿನಗಳ ತೇವದಲ್ಲಿ ಮೊದಲ ಹಾಸು ಹೇಗೋ ಹರಿಯದೆ ದಾಟಿತು. ಎರಡನೆಯದು ಮಗ್ಗಕ್ಕೇರುವಷ್ಟರಲ್ಲಿ ಬಿಸಿಲು ಬಿತ್ತು, ಒಣಗಾಳಿ ಎದ್ದಿತು. ಲಾಳಿ ಓಡಿದಂತೆಲ್ಲ ಎಳೆಗಳು ಪಟಪಟನೆ ಹರಿದವು. ಗಂಟು ಹಾಕಿ ಹಾಕಿ ಅವಳ ಬೆರಳು ಸೋತವು, ಸೀರೆಯ ತುಂಬ ಗಂಟು. ಗಂಟು ಹಾಕಲು ಜೊತೆಗೆ ಕೂರಲು ಬಂದ ಶೃತಿಯನ್ನು ಹೋಗಿ ಉಣ್ಣು ಎಂದು ಬೈದು ಕಳಿಸಿದಳು.

ಸಂಗಪ್ಪ ಬಂದವನು ಎಳೆಯೊಂದನ್ನು ಬೆರಳಲ್ಲಿ ಉಜ್ಜಿ ನೋಡಿದ. ಅಷ್ಟೇ ಸಾಕಾಯಿತು.

“ಗಂಜಿ ಜೋಳ ಎಲ್ಲಿ ಹೋತು, ನಾಗರತ್ನವ್ವ?”

“ಸೊಸಿ ಹೊಟ್ಟಿಗೆ ಹಾಕೀನ್ರಿ, ಸಾವಕಾರ್ರ.”

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ತಿರುಗಿ ಬೈಯಲು ಅವಳೂ ಸಿದ್ಧಳಿದ್ದಳು.

“ಕೇಳಿದ್ರ ಕೊಡತಿದ್ನಲ್ಲವ್ವಾ” ಎಂದ ಆತ. “ಈಗ ಸೀರಿ ಕೆಟ್ಟು ಕುಂತಾವು. ಇನ್ನ ನಿನಗ ನೂಲು ಹೆಂಗ ಕೊಡಲಿ?”

ಹೇಗೆ ಕೇಳಬೇಕಿತ್ತು? ಎರಡು ತಲೆಮಾರು ಈ ಮನೆ ಕೈಯೊಡ್ಡಿರಲಿಲ್ಲ. ಆ ಬಿಗುಮಾನಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು ನಾಗರತ್ನಾ. ಸಂಗಪ್ಪನ ಆಳು ಹಾಸು ಬಿಚ್ಚಿ ಹೊತ್ತೊಯ್ದ. ಮಗ್ಗ ಖಾಲಿಯಾಯಿತು.

ಅದೇ ಮಧ್ಯಾಹ್ನ ರೋಹಿಣಿ ಬಂದಳು. ಶೃತಿಯ ಬೆರಳು ಚುಚ್ಚಿ ರಕ್ತ ನೋಡಿದಳು, ಮತ್ತೊಮ್ಮೆ ನೋಡಿದಳು, ಮುಖ ಅರಳಿತು. ರಕ್ತ ಚೆನ್ನಾಗಿ ಏರಿದೆ, ಏನು ತಿನ್ನಿಸಿದಿರಿ ಹೇಳಿ, ಓಣಿಯ ಉಳಿದ ಬಸುರಿಯರಿಗೂ ಹೇಳುತ್ತೇನೆ ಎಂದಳು. ಆ ಜೋಳ ಎಲ್ಲಿಯದೆಂದು ತಿಳಿಯದ ಶೃತಿಯೇ ಅತ್ತೆ ಮಾಡಿ ತಿನ್ನಿಸಿದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದಳು.

“ಹೆರಿಗಿ ತನಕ ಹಿಂಗ ನಡಸ್ರಿ, ಅಮ್ಮಾರ” ಎಂದಳು ರೋಹಿಣಿ. “ಬಿಟ್ರ ಮತ್ತ ಇಳೀತೈತಿ.”

ನಾಗರತ್ನಾ ಹೂಂ ಎಂದಳು. ರೋಹಿಣಿ ಹೋದ ಮೇಲೆ ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದಳು. ತಳದಲ್ಲಿ ಒಂದು ಹಿಡಿ ಶೇಂಗಾ ಇತ್ತು. ಅಷ್ಟನ್ನೂ ಸೊಸೆಯ ಕೈಗೆ ಸುರಿದು, ತಿನ್ನು, ನನ್ನ ಮುಖ ಏನು ನೋಡುತ್ತೀ ಎಂದು ಗದರಿದಳು.